ಕಲ್ಲುದಾರಿಗೆ ಯಾವ ಹಳೆಯ ಡೀಸೆಲ್ ಎಂಜಿನ್?

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನಲ್ಲಿ ನಮ್ಮದು ತೆಂಗು, ಅಡಿಕೆಯ ತೋಟ. ಡಾಂಬರು ರಸ್ತೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್ ಬಂಡಿದಾರಿ. ನಡುವೆ ಎರಡು ಹಳ್ಳ, ಒಂದು ಬಂಡೆಯ ಏರು. ಗೊಬ್ಬರ, ಪೈಪು, ಕಾಯಿ ಎಲ್ಲ ಸೇರಿ 400ರಿಂದ 500 ಕಿಲೋ ಹೊರೆ. ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗಿಬರಬೇಕು. ರಜೆಯಲ್ಲಿ ಗೆಳೆಯರ ಜೊತೆ ಗುಡ್ಡ ಹತ್ತುವ ಆಸೆಯೂ ಇದೆ. ದಾವಣಗೆರೆಯಲ್ಲಿ ಪ್ಯೂಜೊ ಎಂಜಿನ್ ಇರುವ ಹಳೆಯ ಮಹೀಂದ್ರ ಎಂಎಂ 540 ಒಂದನ್ನು ನೋಡಿದ್ದೇನೆ, ಹಿರಿಯೂರಿನಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಳೆತ) ಇರುವ ಥಾರ್ ಡಿಐ ಒಂದನ್ನು. ಒಂದಕ್ಕೆ 62 ಅಶ್ವಶಕ್ತಿ, ಇನ್ನೊಂದಕ್ಕೆ 63. ಹಾಗಿದ್ದ ಮೇಲೆ ವ್ಯತ್ಯಾಸ ಏನು? ನಮ್ಮ ಭಾವ 540 ತೆಗೆದುಕೊಂಡು ಅದಕ್ಕೆ ಕ್ವಾಲಿಸ್ ಎಂಜಿನ್ ಕೂರಿಸು ಎನ್ನುತ್ತಾರೆ. ಟೆಂಪೊದವರ ಗೂರ್ಖಾ ಹೇಗೆ? ಹಳೆಯ ಎಂಜಿನ್‌ಗೆ ಡೀಸೆಲ್ ಜೊತೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಒಳ್ಳೆಯದು ಎಂಬ ಮಾತು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಮಾಹಿತಿ ಆ 400ರಿಂದ 500 ಕಿಲೋ. ಅದನ್ನು ಬರೆಯದೆ ಬರಿಯ ‘ಯಾವ ಎಂಜಿನ್ ಒಳ್ಳೆಯದು’ ಎಂದು ಕೇಳಿದ್ದರೆ ಉತ್ತರ ಹೇಳಲು ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಅನುಪಯುಕ್ತವಾದದ್ದು 62 ಮತ್ತು 63. ಅಶ್ವಶಕ್ತಿಯ ಅಂಕಿಯನ್ನು ಎಂಜಿನ್ ತನ್ನ ಗರಿಷ್ಠ ವೇಗದ ಆಸುಪಾಸಿನಲ್ಲಿ ಓಡುವಾಗ ಅಳೆಯುತ್ತಾರೆ. ನಿಮ್ಮ ಬಂಡೆಯ ಏರಿನಲ್ಲಿ ಎಂಜಿನ್ ಆ ವೇಗವನ್ನು ಒಮ್ಮೆಯೂ ಮುಟ್ಟುವುದಿಲ್ಲ; ಮುಟ್ಟಿದರೆ ಜೀಪು ಹಳ್ಳದಲ್ಲಿರುತ್ತದೆ.

540ರಲ್ಲಿರುವುದು ಪ್ಯೂಜೊ ಪರವಾನಗಿಯ ಎಕ್ಸ್‌ಡಿಪಿ 4.90. 2112 ಸಿಸಿ, ಬೋರ್ (ಸಿಲಿಂಡರಿನ ಅಗಲ) 90 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 83. ಆ 62 ಅಶ್ವಶಕ್ತಿ ಸಿಗುವುದು ನಿಮಿಷಕ್ಕೆ 4500 ಸುತ್ತಿನಲ್ಲಿ. ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 2000 ಸುತ್ತಿನ ಸುಮಾರಿಗೆ 120 ನ್ಯೂಟನ್ ಮೀಟರ್‌ನಷ್ಟು. ಥಾರ್ ಡಿಐನಲ್ಲಿರುವುದು ಎಂಡಿಐ 3200 ಟಿಸಿ, ಅಂದರೆ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಡಿಐ; ಡಿಐ ಎಂದರೆ ಡೈರೆಕ್ಟ್ ಅಥವಾ ನೇರ ಇಂಜೆಕ್ಷನ್. 2523 ಸಿಸಿ, ಬೋರ್ 88.9, ಸ್ಟ್ರೋಕ್ 101.6. ಅದರ 63 ಅಶ್ವಶಕ್ತಿ 3200 ಸುತ್ತಿಗೇ ಮುಗಿಯುತ್ತದೆ, ಆದರೆ 1500 ಸುತ್ತಿನ ಹೊತ್ತಿಗಾಗಲೇ 180 ನ್ಯೂಟನ್ ಮೀಟರ್ ಟಾರ್ಕ್ ಕೈಗೆ ಬಂದಿರುತ್ತದೆ.

ಈಗ ಎರಡನ್ನೂ 1500 ಸುತ್ತಿನಲ್ಲಿ ನಿಲ್ಲಿಸಿ ಲೆಕ್ಕ ಹಾಕಿ. ಶಕ್ತಿ ಎಂದರೆ ಟಾರ್ಕ್ ಮತ್ತು ವೇಗದ ಗುಣಲಬ್ಧ. ಡಿಐ ಅಲ್ಲಿ ಸುಮಾರು 38 ಅಶ್ವಶಕ್ತಿ ಕೊಡುತ್ತದೆ. ಪ್ಯೂಜೊ ತನ್ನ ಪೂರ್ತಿ ಟಾರ್ಕನ್ನೂ ಅಲ್ಲಿಯೇ ಕೊಟ್ಟಿತು ಎಂದು ಉದಾರವಾಗಿ ಒಪ್ಪಿಕೊಂಡರೂ 25ರ ಸುತ್ತಮುತ್ತ ನಿಲ್ಲುತ್ತದೆ. ಕಾಗದದ ಮೇಲೆ ಒಂದೇ ಅಶ್ವಶಕ್ತಿಯ ಅಂತರ. ನೀವು ಎಂಜಿನ್ನನ್ನು ನಿಜವಾಗಿ ದುಡಿಸುವ ಜಾಗದಲ್ಲಿ ಅರ್ಧದಷ್ಟು ಹೆಚ್ಚು.

ಇದು ಆಕಸ್ಮಿಕವಲ್ಲ, ಎರಡರ ವಂಶವೇ ಬೇರೆ. ಪ್ಯೂಜೊದ ಈ ಎಂಜಿನ್ ಹುಟ್ಟಿದ್ದು ಕಾರಿಗಾಗಿ. ಇದೇ 2112 ಸಿಸಿ ಡೀಸೆಲ್ 1970ರ ದಶಕದಲ್ಲಿ ಪ್ಯೂಜೊ 504 ಕಾರಿನಲ್ಲಿ ಓಡುತ್ತಿತ್ತು. ಬೋರ್‌ಗಿಂತ ಸ್ಟ್ರೋಕ್ ಚಿಕ್ಕದು, ಹಗುರವಾಗಿ ತಿರುಗುತ್ತದೆ, ಸುತ್ತು ಏರಿಸಿದಷ್ಟೂ ಖುಷಿಪಡುತ್ತದೆ. ಡಿಐನ ಬೇರು ಟ್ರ್ಯಾಕ್ಟರಿನಲ್ಲಿದೆ. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ತಯಾರಿಸಲು ಹೊರಟ ಮಹೀಂದ್ರ, ಬಿ 275 ಟ್ರ್ಯಾಕ್ಟರಿನ ಎಂಜಿನ್ ಕುಟುಂಬವನ್ನೇ ಮುಂದೆ ಜೀಪಿಗೂ ಇಳಿಸಿತು. ಮೊದಲು 2350 ಸಿಸಿಯ ಎಂಡಿ 2350 ಬಂತು. ಆಮೇಲೆ ಬೋರ್ ದೊಡ್ಡದಾಗಿ ನೇರ ಇಂಜೆಕ್ಷನ್ನಿನ ಎಂಡಿಐ. ನಾಲ್ಕು ಇಂಚಿನ ಆ ಸ್ಟ್ರೋಕ್ ಇಂದಿಗೂ ಹಾಗೆಯೇ ಉಳಿದಿದೆ. ‘ಟ್ರ್ಯಾಕ್ಟರ್ ಎಂಜಿನ್’ ಎಂದು ಮೂಗು ಮುರಿಯುವವರು ಹೆದ್ದಾರಿಯಲ್ಲಿ ಕುಳಿತು ಮಾತನಾಡುವವರು. ಅವರ ಮಾತು ಅಲ್ಲಿಗೆ ಸರಿ. 48ನೇ ಹೆದ್ದಾರಿಯಲ್ಲಿ ಗಂಟೆಗೆ 90ರ ವೇಗಕ್ಕೆ ಡಿಐ ಅರಚುತ್ತದೆ, ಸ್ಟಿಯರಿಂಗ್ ಕೈ ನಡುಗಿಸುತ್ತದೆ. ಹೊಸದುರ್ಗದ ಬಂಡೆಯ ಮೇಲೆ ಅದೇ ಎಂಜಿನ್ ತನ್ನ ತವರಿಗೆ ಬಂದಂತಿರುತ್ತದೆ.

ಟರ್ಬೊ ವಿಷಯದಲ್ಲಿ ಒಂದು ಮಾತು. ಬಂಡೆಯ ಮೇಲೆ ಚಕ್ರವನ್ನು ಅಂಗುಲ ಅಂಗುಲವಾಗಿ ಇಡುವಾಗ ಎಂಜಿನ್ 800, 1000 ಸುತ್ತಿನಲ್ಲಿರುತ್ತದೆ. ಅಲ್ಲಿ ಟರ್ಬೊ ಹೆಚ್ಚೇನೂ ಕೊಡುವುದಿಲ್ಲ, ಅದಕ್ಕೆ ಬೇಕಾದಷ್ಟು ಹೊಗೆಯೇ ಆ ಸುತ್ತಿನಲ್ಲಿ ಹೊರಡುವುದಿಲ್ಲ. ಅಲ್ಲಿ ಡಿಐಗೆ ಇರುವ ಮೇಲುಗೈ ಸುಮಾರು ಶೇ 20ರಷ್ಟು ದೊಡ್ಡ ಸಿಲಿಂಡರಿನದು ಮತ್ತು ನೇರ ಇಂಜೆಕ್ಷನ್ನಿನದು. ಆದ್ದರಿಂದ ಟರ್ಬೊ ಇಲ್ಲದ ಹಳೆಯ ಡಿಐ ಒಳ್ಳೆಯ ಸ್ಥಿತಿಯಲ್ಲಿ, ಫೋರ್ ವೀಲ್ ಜೊತೆಗೆ, ಕಡಿಮೆ ಬೆಲೆಗೆ ಸಿಕ್ಕರೆ ಅದನ್ನು ಕೀಳಾಗಿ ಕಾಣಬೇಡಿ. ತೋಟದ ಕೆಲಸಕ್ಕೆ ಅದು ಸಾಕು.

ನೇರ ಇಂಜೆಕ್ಷನ್ ಎಂದೆ. ನಮ್ಮ ಜಿಲ್ಲೆಗಳಲ್ಲಿ ಅದರಿಂದ ಆಗುವ ವ್ಯತ್ಯಾಸ ಡೀಸೆಲ್ ಖರ್ಚಿನಷ್ಟೇ ಅಲ್ಲ. ಪ್ಯೂಜೊದಂಥ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವುದಿಲ್ಲ. ಸಿಲಿಂಡರಿನ ಮುಚ್ಚಳವಾದ ಹೆಡ್ಡಿನಲ್ಲಿರುವ ಚಿಕ್ಕದೊಂದು ಕೋಣೆಯಲ್ಲಿ ಉರಿಯಲು ಆರಂಭಿಸಿ ಅಲ್ಲಿಂದ ಕಿರಿದಾದ ಬಾಯಿಯ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಇದರಿಂದ ಸದ್ದು ಕಡಿಮೆ, ಓಟ ನಯ. ಆದರೆ ಆ ಕೋಣೆಯ ಗೋಡೆಗಳು ಹೀರಿಕೊಂಡ ಬಿಸಿಯೆಲ್ಲ ಹೆಡ್ಡಿಗೆ, ಹೆಡ್ಡಿನಿಂದ ನೀರಿಗೆ, ನೀರಿನಿಂದ ರೇಡಿಯೇಟರಿಗೆ ಹೋಗಬೇಕು. ಒಂದೇ ಕೆಲಸಕ್ಕೆ ನೇರ ಇಂಜೆಕ್ಷನ್ನಿಗಿಂತ ಶೇ 10ರಿಂದ 15ರಷ್ಟು ಹೆಚ್ಚು ಡೀಸೆಲ್ ಬೇಕು. ಆ ಹೆಚ್ಚುವರಿಯ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹಿಂದೆ ಐದು ಕ್ವಿಂಟಲ್, ಲೋ ಗೇರಿನಲ್ಲಿ ನಡಿಗೆಯ ವೇಗ, ಎದುರಿನಿಂದ ಗಾಳಿಯೇ ಇಲ್ಲ: ಪ್ಯೂಜೊ ಹೆಡ್ಡು ಕೈಕೊಡುವುದು ಇಂಥ ಹೊತ್ತಿನಲ್ಲಿ.

ಹಾಗೆಂದು ಎಂಜಿನ್ನನ್ನೇ ದೂರುವಂತಿಲ್ಲ. ಬಿಸಿಯೇರುವ ಹಳೆಯ ಜೀಪುಗಳ ಬಾನೆಟ್ ಎತ್ತಿದರೆ ಬಹಳಷ್ಟರಲ್ಲಿ ಫ್ಯಾನಿನ ಸುತ್ತ ಇರಬೇಕಾದ ತಗಡಿನ ಕವರ್ ಇರುವುದಿಲ್ಲ. ಯಾವಾಗಲೋ ರೇಡಿಯೇಟರ್ ಇಳಿಸಿದಾಗ ಬಿಚ್ಚಿಟ್ಟವರು ಮತ್ತೆ ಹಾಕಿರುವುದಿಲ್ಲ. ಆ ಕವರ್ ಇಲ್ಲದೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಬದಿಯ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಹೆದ್ದಾರಿಯಲ್ಲಿ ಇದು ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ಇನ್ನೊಂದು, ನೀರು. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸುತನ ನಿಮ್ಮ ಮನೆಯ ಪಾತ್ರೆಗಳ ಮೇಲಿನ ಬಿಳಿ ಪದರದಲ್ಲೇ ಕಾಣುತ್ತದೆ. ಅದೇ ಪದರ ರೇಡಿಯೇಟರಿನ ಕೊಳವೆಗಳ ಒಳಗೂ ಹೆಡ್ಡಿನ ನೀರಿನ ದಾರಿಯಲ್ಲೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕೂಲಂಟ್ ಬೆರೆಸಿ ಹಾಕಿ. ಅದೂ ಇಲ್ಲದಿದ್ದರೆ ಹಿಡಿದಿಟ್ಟ ಮಳೆನೀರು ಬೋರ್‌ನೀರಿಗಿಂತ ಎಷ್ಟೋ ಮೇಲು. ಯಾವ ಎಂಜಿನ್ ಕೊಂಡರೂ ಮೊದಲು ರೇಡಿಯೇಟರನ್ನು ಇಳಿಸಿ, ಮೇಲಿನ ಟ್ಯಾಂಕ್ ಬಿಚ್ಚಿಸಿ, ಕೊಳವೆಗಳಲ್ಲಿ ಸಲಾಕೆ ಆಡಿಸಿ ಶುದ್ಧಮಾಡಿಸಿ.

ಇನ್ನು ಎಂಜಿನ್‌ಗಿಂತ ನಾನು ಹೆಚ್ಚು ಹೊತ್ತು ನೋಡುವ ಭಾಗಕ್ಕೆ ಬರುತ್ತೇನೆ. ಕಲ್ಲುದಾರಿಯಲ್ಲಿ ಗಾಡಿಯನ್ನು ಎಳೆಯುವುದು ಎಂಜಿನ್ ಒಂದೇ ಅಲ್ಲ, ಎಂಜಿನ್ನಿನಿಂದ ಚಕ್ರದವರೆಗಿನ ಒಟ್ಟು ಗೇರ್ ಅನುಪಾತ. ಉದಾಹರಣೆಗೆ ಮೊದಲ ಗೇರ್ 4, ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಲೋ 2.5, ಕ್ರೌನ್ ಪಿನಿಯನ್ (ಆಕ್ಸಲ್ ನಡುವಿನ ಹಲ್ಲುಚಕ್ರಗಳ ಜೋಡಿ) 5 ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 50. ಎಂಜಿನ್ 50 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಟೈರಿನ ಸುತ್ತಳತೆ 2.2 ಮೀಟರ್ ಇದ್ದರೆ, 800 ಸುತ್ತಿನಲ್ಲಿ ಗಾಡಿ ಗಂಟೆಗೆ ಎರಡು ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಕ್ರೌನ್ ಪಿನಿಯನ್ ಒಂದನ್ನೇ 3.7ಕ್ಕೆ ಬದಲಿಸಿ ನೋಡಿ: ಒಟ್ಟು 37, ವೇಗ ಗಂಟೆಗೆ ಮೂರು ಕಿಲೋಮೀಟರಿನ ಹತ್ತಿರ. ಒಂದು ಕಿಲೋಮೀಟರ್ ಅಷ್ಟೇ ಎನಿಸಬಹುದು, ಆದರೆ ಚಕ್ರಕ್ಕೆ ತಲುಪುವ ಎಳೆತ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಕಡಿಮೆಯಾಯಿತು.

ಜೋರಾಗಿ ತಿರುಗುವ ಎಂಜಿನ್‌ಗೆ ದೊಡ್ಡ ಅನುಪಾತ, ನಿಧಾನವಾಗಿ ತಿರುಗುವ ಎಂಜಿನ್‌ಗೆ ಚಿಕ್ಕ ಅನುಪಾತ, ಇದು ಕಾರ್ಖಾನೆಯವರ ಲೆಕ್ಕ. ಹಳೆಯ ಜೀಪುಗಳಲ್ಲಿ ಆ ಲೆಕ್ಕವನ್ನು ಹಿಂದಿನ ಮಾಲೀಕರು ಕೆಡಿಸಿರುತ್ತಾರೆ. ಮೈಲೇಜ್ ಬರಲಿ, ರಸ್ತೆಯಲ್ಲಿ ಓಡಲಿ ಎಂದು ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಬದಲಿಸಿ, ಮುಂದಿನದನ್ನು ಹಾಗೆಯೇ ಬಿಟ್ಟಿರುತ್ತಾರೆ. ಟೂ ವೀಲಿನಲ್ಲಿ ಓಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರಗಳು ಒಂದು ವೇಗ ಕೇಳುತ್ತವೆ, ಹಿಂದಿನವು ಇನ್ನೊಂದು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಬಂಡೆಯ ಮೇಲೆ ಜಾರಲು ಜಾಗವಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಲ್ಲೋ, ಅಲ್ಲಿಂದ ಆಕ್ಸಲ್‌ಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸೋ (ಕೀಲು) ಮುರಿಯುತ್ತದೆ. ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್ಲಿನಲ್ಲಿ, ಫೋರ್ ವೀಲ್ ಬಿಡಿಸಿ, ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿ. ಆ ಚಕ್ರವನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಂದು ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರೆ ಅದೇ ಕ್ರೌನ್ ಪಿನಿಯನ್ ಅನುಪಾತ. ಮುಂದಿನ ಆಕ್ಸಲ್‌ನಲ್ಲೂ ಹೀಗೆಯೇ ಎಣಿಸಿ. ಅಲ್ಲಿ ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಕೊಂಡಿ) ಇದ್ದರೆ ಅದನ್ನು ಲಾಕ್ ಮಾಡಿರಬೇಕು. ಎರಡೂ ಸಮವಿರಬೇಕು. 540 ನೋಡಲು ಹೋದಾಗ ಬಣ್ಣ, ಹುಡ್, ಸೀಟು ಇವನ್ನು ಆಮೇಲೆ ನೋಡಿ. ಮೊದಲು ಇದನ್ನು ಮಾಡಿ. ಮಾರುವವರು ‘ಇದೆಲ್ಲ ಯಾಕೆ ಸಾರ್’ ಎಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಇನ್ನೊಂದು ಪರೀಕ್ಷೆಯನ್ನು ಎಷ್ಟೋ ಮೆಕ್ಯಾನಿಕ್‌ಗಳೂ ಮಾಡುವುದಿಲ್ಲ. ಎಂಜಿನ್‌ಗೆ ಡೀಸೆಲ್ ಒತ್ತುವ ಹಳೆಯ ಪಂಪಿನೊಳಗೆ ಗವರ್ನರ್ ಎಂಬ ಭಾಗ ಇರುತ್ತದೆ. ಎಂಜಿನ್ ಮೇಲೆ ಭಾರ ಬಿದ್ದು ಸುತ್ತು ಇಳಿಯತೊಡಗಿದರೆ, ನೀವು ಆಕ್ಸಿಲರೇಟರ್ ಮುಟ್ಟದಿದ್ದರೂ ಅದು ತಾನಾಗಿ ಡೀಸೆಲ್ ಹೆಚ್ಚಿಸಿ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುತ್ತದೆ. ಪೆಟ್ರೋಲ್ ಜೀಪು ಬಂಡೆ ಹತ್ತುವಾಗ ಕಾಲು ನಡುಗಿದರೆ ಗಾಡಿಯೂ ಕುಪ್ಪಳಿಸುತ್ತದೆ. ಒಳ್ಳೆಯ ಡೀಸೆಲ್ ಜೀಪು ಕಾಲನ್ನೇ ಕೇಳುವುದಿಲ್ಲ. ಸಣ್ಣದೊಂದು ಏರಿನಲ್ಲಿ ಫೋರ್ ವೀಲ್ ಲೋ, ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎರಡೂ ಕಾಲನ್ನು ಪೆಡಲ್‌ಗಳಿಂದ ತೆಗೆಯಿರಿ. ಗಾಡಿ ಒಂದೇ ಸದ್ದಿನಲ್ಲಿ ಹತ್ತಬೇಕು. ಸುತ್ತು ಏರಿಳಿಯುತ್ತಾ ಉಯ್ಯಾಲೆಯಾಡಿದರೆ ಪಂಪಿನ ಕೆಲಸ ಬಾಕಿ ಇದೆ, ಇಲ್ಲವೇ ಡೀಸೆಲ್ ಪೈಪಿನಲ್ಲಿ ಗಾಳಿ ಎಳೆದುಕೊಳ್ಳುತ್ತಿದೆ. ಈ ಪರೀಕ್ಷೆಯಲ್ಲಿ ಚೆನ್ನಾಗಿರುವ ಡಿಐ ಸಾಮಾನ್ಯವಾಗಿ ಪ್ಯೂಜೊವನ್ನು ಹಿಂದೆ ಹಾಕುತ್ತದೆ. ಕೆಟ್ಟ ಪಂಪಿನ ಡಿಐ ಮಾತ್ರ ಒಳ್ಳೆಯ ಪಂಪಿನ ಪ್ಯೂಜೊ ಮುಂದೆ ನಿಲ್ಲುವುದಿಲ್ಲ. ಮಾದರಿಯ ಹೆಸರು ನೋಡಿ ತೀರ್ಮಾನಿಸಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಂಜಿನ್ ನೋಡಲು ಬೆಳಿಗ್ಗೆ ಹೋಗಿ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡಬಾರದು ಎಂದು ಮೊದಲೇ ಹೇಳಿರಿ, ಹೋದ ಕೂಡಲೇ ಬ್ಲಾಕಿನ ಮೇಲೆ ಕೈಯಿಟ್ಟು ನೋಡಿರಿ. ಬೆಚ್ಚಗಿದ್ದರೆ ಯಾರೋ ನಿಮಗಿಂತ ಮುಂಚೆ ಎದ್ದಿದ್ದಾರೆ. ಪ್ಯೂಜೊದಲ್ಲಿ ಹೀಟರ್ ಪ್ಲಗ್ ಹಿಡಿದು ಸ್ಟಾರ್ಟ್ ಮಾಡಬೇಕು. ಒಂದೆರಡು ಪ್ಲಗ್ ಸತ್ತಿದ್ದರೆ ಬಿಳಿ ಹೊಗೆ ಬಿಟ್ಟು ಸ್ವಲ್ಪ ಹೊತ್ತು ಕುಂಟುತ್ತದೆ. ಅದಕ್ಕೆ ಹೆದರಬೇಡಿ, ಪ್ಲಗ್ ಅಗ್ಗದ ವಸ್ತು, ಚೌಕಾಸಿಗೆ ಒಳ್ಳೆಯ ಕಾರಣ. ಡಿಐ ನಮ್ಮ ಹವೆಯಲ್ಲಿ ಹೀಟರ್ ಇಲ್ಲದೆಯೇ ಸೆಲ್ಫ್ ಹೊಡೆದ ಕೂಡಲೇ ಹಿಡಿಯಬೇಕು. ಬಹಳ ಹೊತ್ತು ತಿರುಗಿದರೆ ಕಂಪ್ರೆಷನ್ ಹೋಗಿದೆ ಎಂದೋ ಪಂಪಿನ ಟೈಮಿಂಗ್ ತಪ್ಪಿದೆ ಎಂದೋ ಅನುಮಾನಿಸಿ. ಎಂಜಿನ್ ಬೆಚ್ಚಗಾದ ಮೇಲೆ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಬಾಯಿಯ ಮೇಲೆ ಬೋರಲಾಗಿ ಇಡಿ. ಸ್ವಲ್ಪ ಅಲುಗಿದರೆ ಸಹಜ. ಕುಣಿದು ಕೆಳಗೆ ಬಿದ್ದರೆ ರಿಂಗು, ಬೋರು ಸವೆದಿವೆ, ಲೇತಿನ ಖರ್ಚು ಎದುರಿಗಿದೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೋಡುವುದೂ ಒಳ್ಳೆಯದು: ಗುಳ್ಳೆಗಳು ನಿಲ್ಲದೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ಡೇ ಬಿರುಕು ಬಿಟ್ಟಿದೆ. ಪ್ಯೂಜೊದಲ್ಲಿ ಈ ಕೊನೆಯದನ್ನು ನೋಡದೆ ಮುಂಗಡ ಕೊಡಬೇಡಿ.

ಟೆಂಪೊ ಟ್ರ್ಯಾಕ್ಸ್ ಮತ್ತು ಗೂರ್ಖಾ. ಅವುಗಳ ಎಂಜಿನ್ ಮರ್ಸಿಡಿಸ್ ಪರವಾನಗಿಯ ಓಎಂ 616, 2399 ಸಿಸಿ. ಮರ್ಸಿಡಿಸ್ 240ಡಿ ಕಾರಿನಲ್ಲಿದ್ದದ್ದೂ ಇದೇ. ಇದೂ ಪ್ಯೂಜೊದಂತೆ ಹೆಡ್ಡಿನ ಕೋಣೆಯಲ್ಲಿ ಡೀಸೆಲ್ ಉರಿಸುವ ಎಂಜಿನ್, ಆದ್ದರಿಂದ ಬಿಸಿಯ ವಿಷಯದಲ್ಲಿ ಪ್ಯೂಜೊಗೆ ಹೇಳಿದ ಮಾತೇ ಇದಕ್ಕೂ. ಆದರೆ ಕಟ್ಟುಮಸ್ತು ಎಂಜಿನ್. ವಾಲ್ವುಗಳನ್ನು ತೆರೆಯುವ, ಮೇಲಿರುವ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನ್, ಬೆಲ್ಟ್ ಅಲ್ಲ. ಆಯಿಲ್ ತಪ್ಪದೆ ಬದಲಿಸಿದರೆ ಬಹಳ ಕಾಲ ಬಾಳುತ್ತದೆ. ಮುಂದೆ ಇದೇ ಕುಟುಂಬದಿಂದ 2.6 ಲೀಟರಿನ ಟರ್ಬೊ ಬಂತು. ಆ ಎಂಜಿನ್ನಿನ ಗೂರ್ಖಾದಲ್ಲಿ ಮುಂದೆ ಮತ್ತು ಹಿಂದೆ ಡಿಫರೆನ್ಷಿಯಲ್ ಲಾಕ್ (ಎಡ ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಬೀಗ) ಇರುವ ಗಾಡಿ ಸಿಕ್ಕರೆ, ನಿಮ್ಮ ಬಂಡೆಯ ಏರಿಗೆ ನಾನು ಮೇಲೆ ಬರೆದ ಟಾರ್ಕಿನ ಪುರಾಣವನ್ನೆಲ್ಲ ಬದಿಗಿಟ್ಟು ಅದನ್ನೇ ನೋಡಿ ಎನ್ನುತ್ತೇನೆ. ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗಿದ ಮೇಲೆ 180 ನ್ಯೂಟನ್ ಮೀಟರ್ ಇದ್ದರೂ ಒಂದೇ, 120 ಇದ್ದರೂ ಒಂದೇ. ಲಾಕ್ ಇದ್ದ ಗಾಡಿ ಮಾತ್ರ ಹೊರಡುತ್ತದೆ. ಆದರೆ ಕೊಳ್ಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಮೆಕ್ಯಾನಿಕ್‌ನನ್ನು ಕೇಳಿ. ಡಿಐಗೆ ಆ ಚಿಂತೆ ಕಡಿಮೆ, ಬೊಲೆರೊ ಮತ್ತು ಪಿಕಪ್‌ಗಳಲ್ಲೂ ಅದೇ ಎಂಜಿನ್ ಬಹುಕಾಲ ಓಡಿದ್ದರಿಂದ ಸಣ್ಣ ಪೇಟೆಯ ಅಂಗಡಿಯಲ್ಲೂ ಅದರ ಗ್ಯಾಸ್ಕೆಟ್ ಇರುತ್ತದೆ. ಪ್ಯೂಜೊ ಭಾಗಗಳಿಗೆ ಹುಡುಕಾಟ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ನಿಮ್ಮ ಭಾವನವರ ಸಲಹೆಗೆ ನನ್ನ ಉತ್ತರ ಬೇಡ ಎಂದೇ. ಕ್ವಾಲಿಸ್‌ನ 2446 ಸಿಸಿಯ ಟೊಯೊಟಾ ಎಂಜಿನ್ ರಸ್ತೆಯಲ್ಲಿ ಸೊಗಸಾದ ಎಂಜಿನ್, 75 ಅಶ್ವಶಕ್ತಿ, ನಯವಾದ ಓಟ. ಅದೂ ಕಾರಿನ ಸ್ವಭಾವದ್ದೇ, ಸುತ್ತು ಏರಿಸಿದಾಗ ಎಳೆಯುವಂಥದ್ದು. ಜೊತೆಗೆ ಅದಕ್ಕಿರುವುದು ಟೈಮಿಂಗ್ ಬೆಲ್ಟ್. ಹಳ್ಳದ ಕೆಸರು, ತೋಟದ ದೂಳು ಆ ಬೆಲ್ಟಿನ ಕವರ್ ಒಳಗೆ ಸೇರಿ ಬೆಲ್ಟ್ ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಅದಕ್ಕಿಂತ ಮುಖ್ಯ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಕೆಟ್ಟ ಎಂಜಿನ್ ತೆಗೆದು ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಹಾಕಿಸಲು ಆರ್‌ಟಿಒ ಅನುಮತಿ ಪಡೆಯಬಹುದು, ಮಹೀಂದ್ರಕ್ಕೆ ಟೊಯೊಟಾ ಹಾಕುವುದು ಬೇರೆ ವಿಷಯ. ಅಪಘಾತವಾದರೆ ವಿಮೆಯವರು ಮೊದಲು ತಡಕುವುದು ಎಂಜಿನ್ ನಂಬರನ್ನೇ.

ಅದೇ ಕಾರಣಕ್ಕೆ, ದಾವಣಗೆರೆಯ 540ರ ಬ್ಲಾಕಿನ ಮೇಲಿನ ನಂಬರನ್ನು ಟಾರ್ಚ್ ಹಿಡಿದು ನೀವೇ ಓದಿ ಆರ್‌ಸಿ ಜೊತೆ ಹೋಲಿಸಿ. ಗ್ರೀಸು ಮೆತ್ತಿಕೊಂಡಿದ್ದರೆ ಒರೆಸಿ ಓದಿ, ತಿದ್ದಿದಂತೆ ಕಂಡರೆ ಹಿಂದಿರುಗಿ. 15 ವರ್ಷ ದಾಟಿದ ಗಾಡಿಗೆ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದು ಆಗಿದೆಯೇ, ಯಾವಾಗ ಮುಗಿಯುತ್ತದೆ ಎಂದು ನೋಡಿ. ಆರ್‌ಸಿ ಕೆಎ 17ರದ್ದು, ನಿಮ್ಮ ಊರು ಕೆಎ 16. ಒಂದೇ ರಾಜ್ಯವಾದ್ದರಿಂದ ಹೆಸರು ಬದಲಾವಣೆಯಲ್ಲಿ ದೊಡ್ಡ ತೊಡಕಿಲ್ಲ.

ಹಾಗಾದರೆ ಯಾವುದು? ನೀವು ಬರೆದ ಹೊರೆಗೆ, ಆ ಏರಿಗೆ ಡಿಐ. ಥಾರ್ ಬೆಲೆ 540ಕ್ಕಿಂತ ಎಷ್ಟೋ ಹೆಚ್ಚು ಎಂಬುದು ನಿಜ, ಕೈಗೆಟುಕದಿದ್ದರೆ ಟರ್ಬೊ ಇಲ್ಲದ ಡಿಐ ಇರುವ, ಕಾರ್ಖಾನೆಯಿಂದಲೇ ಫೋರ್ ವೀಲ್ ಆಗಿ ಬಂದ ಹಳೆಯ ಮಹೀಂದ್ರ ಹುಡುಕಿ. ಡಿಐ ಗಾಡಿಗಳಲ್ಲಿ ಬರಿಯ ಟೂ ವೀಲ್ ಆಗಿ ಬಂದವು ಬಹಳ. ಮುಂದಿನ ಆಕ್ಸಲ್ ಆಮೇಲೆ ಯಾರೋ ಕೂರಿಸಿದ್ದಾದರೆ ಮೇಲೆ ಹೇಳಿದ ಜಾಕ್ ಪರೀಕ್ಷೆ ಇನ್ನೂ ಮುಖ್ಯ. ನಿಮ್ಮ ಹೊರೆ 200 ಕಿಲೋ ಆಗಿದ್ದು, ತೋಟ ಜಗಳೂರು ಕಡೆಯ ಎರೆ ಭೂಮಿಯಲ್ಲಿ ಇದ್ದಿದ್ದರೆ ನಾನು 540 ಎನ್ನುತ್ತಿದ್ದೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಟಾರ್ಕ್ ಹೆಚ್ಚಿದ್ದಷ್ಟೂ ಚಕ್ರ ಸುಮ್ಮನೆ ತಿರುಗಿ ಗುಂಡಿ ತೋಡುತ್ತದೆ; ಅಲ್ಲಿ ಗೆಲ್ಲುವುದು ಹಗುರವಾದ ಗಾಡಿ, ಲೋ ರೇಂಜಿನ ಎರಡನೆಯ ಅಥವಾ ಮೂರನೆಯ ಗೇರ್ ಮತ್ತು ಸಮಾಧಾನದ ಕಾಲು. ನಿಮ್ಮದು ಬಂಡೆ.

ಡಿಐ ಕೊಂಡರೆ ಎರಡು ಅಭ್ಯಾಸ ಮಾಡಿಕೊಳ್ಳಿ. ಏರು ಹತ್ತಿ ಬಂದ ಕೂಡಲೇ ಟರ್ಬೊ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಇಲ್ಲವಾದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ. ಹಳ್ಳ ದಾಟುವ ಮೊದಲು ಇಳಿದು ಕೋಲಿನಿಂದ ಆಳ ನೋಡಿ. ಹಳೆಯ ಪಂಪಿನ ಎಂಜಿನ್‌ಗೆ ಕರೆಂಟು ಒದ್ದೆಯಾಗುವ ಭಯವಿಲ್ಲ, ಆದರೆ ಏರ್ ಫಿಲ್ಟರಿನ ಬಾಯಿಗೆ ನೀರು ಹೊಕ್ಕರೆ ಪಿಸ್ಟನ್ ನೀರನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ನಿಂತುಹೋದ ಎಂಜಿನ್‌ಗೆ ಮತ್ತೆ ಸೆಲ್ಫ್ ಹೊಡೆಯಬಾರದು. ಎಳೆಸಿ ಹೊರಗೆ ತಂದು, ಇಂಜೆಕ್ಟರ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಹಾಕಿದ ಮೇಲೆ ಸ್ಟಾರ್ಟ್.

ಗೆಳೆಯರ ಜೊತೆಗಿನ ಗುಡ್ಡದ ಸವಾರಿಗೆ ಜೋಗಿಮಟ್ಟಿ ನಿಮ್ಮ ಮನಸ್ಸಿನಲ್ಲಿದ್ದರೆ, ಅದು ವನ್ಯಧಾಮ. ಜಗಳೂರಿನ ರಂಗಯ್ಯನದುರ್ಗವೂ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಾಡಿ ನುಗ್ಗಿಸಿದರೆ ಪ್ರಕರಣ ದಾಖಲಾಗುತ್ತದೆ, ಗಾಡಿಯೂ ಜಪ್ತಿಯಾಗುತ್ತದೆ. ನಿಮ್ಮ ತೋಟದ ಏರಿನಲ್ಲೇ ಬೇಕಾದಷ್ಟು ಆಟವಿದೆ.

ಕೊನೆಯದು ಸೀಮೆಎಣ್ಣೆ. ಬೇಡ. ಪಂಪಿನೊಳಗೆ ಡೀಸೆಲ್ ಒತ್ತುವ ಕಡ್ಡಿಯಾದ ಪ್ಲಂಜರ್ ಮತ್ತು ಅದರ ಕೊಳವೆಯ ನಡುವೆ ಇರುವ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ, ಅಲ್ಲಿಗೆ ಎಣ್ಣೆ ಎಂದರೆ ಡೀಸೆಲ್ಲೇ. ರೋಟರಿ ಪಂಪಿನಲ್ಲಂತೂ ಒಳಗಿನ ಎಲ್ಲ ಭಾಗಗಳಿಗೂ ಡೀಸೆಲ್ ಒಂದೇ ಆಧಾರ. ಸೀಮೆಎಣ್ಣೆಗೆ ಆ ಜಾರುಗುಣವಿಲ್ಲ, ಅದು ಉಜ್ಜುತ್ತದೆ. ಕಲಬೆರಕೆ ಅಪರಾಧವೂ ಹೌದು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ, ಅದರಿಂದ ಹಳೆಯ ಪಂಪು ಸವೆಯುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಡೀಸೆಲ್ಲಿನ ಜಾರುಗುಣಕ್ಕೂ ಮಾನದಂಡವಿದೆ, ಬಂಕಿಗೆ ಬರುವ ಮೊದಲೇ ಅದಕ್ಕೆ ಬೇಕಾದ್ದನ್ನು ಬೆರೆಸಿರುತ್ತಾರೆ. ಹಳೆಯ ರಬ್ಬರ್ ಸೀಲುಗಳು ಮಾತ್ರ ಹೊಸ ಡೀಸೆಲ್‌ಗೆ ಕುಗ್ಗಿ ಸೋರಬಹುದು. ಪಂಪ್ ಸೋರುತ್ತಿದ್ದರೆ ಸೀಲ್ ಕಿಟ್ ಹಾಕಿಸಿ, ಕ್ಯಾಲಿಬ್ರೇಷನ್ ಯಂತ್ರ ಇರುವ ಅಂಗಡಿಯಲ್ಲೇ ಹಾಕಿಸಿ. ತೋಟದಲ್ಲಿ ಕ್ಯಾನಿನಲ್ಲಿಟ್ಟ ಡೀಸೆಲ್ ಸುರಿಯುವುದಾದರೆ ತಳದ ಒಂದು ಲೀಟರನ್ನು ಕ್ಯಾನಿನಲ್ಲೇ ಬಿಡಿ, ನೀರು ಇರುವುದು ಅಲ್ಲಿ. ಫಿಲ್ಟರಿನ ಕೆಳಗಿನ ತಿರುಪನ್ನು ಹದಿನೈದು ದಿನಕ್ಕೊಮ್ಮೆ ಸಡಿಲಿಸಿ, ಬರಿಯ ಡೀಸೆಲ್ ಬರುವವರೆಗೆ ಹರಿಯಬಿಟ್ಟು ಮತ್ತೆ ಬಿಗಿಗೊಳಿಸಿ.